ಯುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ಮೇಲು ಎಂದು ಅಳೆಯುವುದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಹೊಸ ತಲೆಮಾರಿನ ಕ್ವಾರ್ಟರ್‌ಬ್ಯಾಕ್‌ಗಳಿಗೆ (ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರರಿಗೆ) ಸ್ಥಾನ ಕೊಡುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಒಂದು ವರ್ಷ ಮೊದಲ ಸ್ಥಾನದಲ್ಲಿದ್ದವನು ಮರುವರ್ಷ ಐದಾರನೆಯವನಾಗಿರುತ್ತಾನೆ. ಇವರನ್ನು ಹೋಲಿಸಲು ನಂಬಬಹುದಾದ ಅಳತೆ ಏನಾದರೂ ಇದೆಯೇ?

ಉತ್ತರ: ಒಂದೇ ಸಂಖ್ಯೆಯಲ್ಲಿ ಹೇಳಬಹುದಾದ ಅಳತೆ ಇಲ್ಲ. ಆದರೆ ಪಟ್ಟಿ ಮಾಡುವವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ: ಆಟಗಾರನಿಗೆ ಸಲ್ಲಬೇಕಾದದ್ದನ್ನೂ ಅವನ ತಂಡಕ್ಕೆ ಸಲ್ಲಬೇಕಾದದ್ದನ್ನೂ ಅವರು ಒಂದೇ ಖಾತೆಗೆ ಬರೆದುಬಿಡುತ್ತಾರೆ. ಈ ಎರಡನ್ನೂ ಸಾಧ್ಯವಾದಷ್ಟು ಬೇರ್ಪಡಿಸಿದರೆ ಪಟ್ಟಿ ಅಷ್ಟು ಬೇಗ ಅಲುಗಾಡುವುದಿಲ್ಲ. ಇಲ್ಲಿ 2023 ಮತ್ತು 2024ರ ಡ್ರಾಫ್ಟ್‌ಗಳಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಆಯ್ಕೆಯಾದವರನ್ನು ಮಾತ್ರ, 2025ರ ಋತುವಿನ ಕೊನೆಯವರೆಗೆ, ನೋಡೋಣ. 2025ರಲ್ಲಿ ಬಂದ ಕ್ಯಾಮ್ ವಾರ್ಡ್, ಜ್ಯಾಕ್ಸನ್ ಡಾರ್ಟ್ ಮುಂತಾದವರ ಬಗ್ಗೆ ಒಂದೇ ಋತು ನೋಡಿ ತೀರ್ಪು ಕೊಡುವುದು ಆತುರವಾಗುತ್ತದೆ.

ಕ್ರಿಕೆಟ್‌ನಲ್ಲಿ ಬ್ಯಾಟರ್ ಹೊಡೆದ ರನ್ ಬಹುಮಟ್ಟಿಗೆ ಅವನದೇ. ಕ್ವಾರ್ಟರ್‌ಬ್ಯಾಕ್‌ನ ಹೆಸರಿನಲ್ಲಿ ದಾಖಲಾಗುವ ಯಾರ್ಡ್‌ಗಳು ಹಾಗಲ್ಲ. ಎದುರಾಳಿಗಳು ಮೈಮೇಲೆ ಬೀಳದಂತೆ ತಡೆಯುವ ಆಫೆನ್ಸಿವ್ ಲೈನ್‌ನ ಐವರು, ಎಸೆದ ಚೆಂಡನ್ನು ಹಿಡಿಯಲು ಸರಿಯಾದ ಕ್ಷಣಕ್ಕೆ ಸರಿಯಾದ ಜಾಗದಲ್ಲಿರಬೇಕಾದ ರಿಸೀವರ್‌ಗಳು, ಯಾವ ಆಟ ಆಡಬೇಕೆಂದು ಹೇಳುವ ಕೋಚ್, ಇವರೆಲ್ಲರ ಪಾಲೂ ಅದರಲ್ಲಿ ಸೇರಿರುತ್ತದೆ. ಎದೆಗೆ ಸರಿಯಾಗಿ ಬಂದ ಚೆಂಡನ್ನು ರಿಸೀವರ್ ಕೈಚೆಲ್ಲಿದರೂ ವಿಫಲ ಪಾಸ್ ಎಂಬ ಕಪ್ಪುಚುಕ್ಕೆ ಎಸೆದವನ ಹೆಸರಿಗೇ ಬೀಳುತ್ತದೆ. ಮೂರು ಯಾರ್ಡ್ ದೂರಕ್ಕೆ ಕೊಟ್ಟ ಪಾಸನ್ನು ರಿಸೀವರ್ ಎಪ್ಪತ್ತು ಯಾರ್ಡ್ ಓಡಿಸಿಕೊಂಡು ಹೋದರೆ ಅಷ್ಟೂ ಯಾರ್ಡ್ ಎಸೆದವನಿಗೇ ಜಮೆಯಾಗುತ್ತದೆ.

ಟಿವಿ ಪರದೆಯ ಮೇಲೆ ಪದೇಪದೇ ಕಾಣುವ ಪಾಸರ್ ರೇಟಿಂಗ್ 1973ರಿಂದ ಬಳಕೆಯಲ್ಲಿದೆ. ಯಶಸ್ವಿ ಪಾಸ್‌ಗಳ ಶೇಕಡಾವಾರು, ಪ್ರತಿ ಪಾಸಿಗೆ ಸಿಕ್ಕ ಯಾರ್ಡ್, ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಗಳಿಸುವ ಅಂಕ) ಪ್ರಮಾಣ, ಇಂಟರ್‌ಸೆಪ್ಷನ್ (ಎಸೆದ ಚೆಂಡನ್ನು ಎದುರಾಳಿ ಹಿಡಿಯುವುದು) ಪ್ರಮಾಣ ಎಂಬ ನಾಲ್ಕನ್ನು ಕೂಡಿಸಿ ಗರಿಷ್ಠ 158.3ರವರೆಗೆ ಅಂಕ ಕೊಡುವ ಈ ಲೆಕ್ಕದಲ್ಲಿ ಓಟಕ್ಕೂ ಜಾಗವಿಲ್ಲ, ಸ್ಯಾಕ್‌ಗೂ ಜಾಗವಿಲ್ಲ. ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳಿ ತಂಡ ಹಿಂದೆ ಸರಿಯುವುದೇ ಸ್ಯಾಕ್. ಹಾಗಾಗಿ ನಾನು ಇದಕ್ಕಿಂತ ಹೆಚ್ಚು ನಂಬುವುದು ಹೊಂದಾಣಿಕೆ ಮಾಡಿದ ನಿವ್ವಳ ಯಾರ್ಡ್ ಎಂಬ ಲೆಕ್ಕವನ್ನು. ಪಾಸಿನ ಯಾರ್ಡ್‌ಗಳಿಗೆ ಪ್ರತಿ ಟಚ್‌ಡೌನಿಗೆ 20 ಸೇರಿಸಿ, ಪ್ರತಿ ಇಂಟರ್‌ಸೆಪ್ಷನಿಗೆ 45 ಕಳೆದು, ಸ್ಯಾಕ್‌ನಲ್ಲಿ ಹೋದ ಯಾರ್ಡ್‌ಗಳನ್ನೂ ಕಳೆದು, ಉಳಿದದ್ದನ್ನು ಪಾಸ್ ಮತ್ತು ಸ್ಯಾಕ್‌ಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಒಬ್ಬನು 30 ಪಾಸ್‌ಗಳಲ್ಲಿ 240 ಯಾರ್ಡ್, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್ ಪಡೆದು, ಮೂರು ಸ್ಯಾಕ್‌ಗಳಲ್ಲಿ 20 ಯಾರ್ಡ್ ಕಳೆದುಕೊಂಡನೆಂದಿಟ್ಟುಕೊಳ್ಳಿ. ಬರೀ ಸರಾಸರಿಯಲ್ಲಿ ಅವನು ಪಾಸಿಗೆ 8 ಯಾರ್ಡ್‌ನ ಆಟಗಾರ. ಈ ಲೆಕ್ಕದಲ್ಲಿ 215ನ್ನು 33ರಿಂದ ಭಾಗಿಸಿದರೆ ಬರುವುದು 6.5 ಮಾತ್ರ. ಪಟ್ಟಿಗಳ ಜಗಳದಲ್ಲಿ ಅರ್ಧಪಾಲು ಈ ಒಂದೂವರೆ ಯಾರ್ಡ್‌ನ ಅಂತರದಲ್ಲೇ ಅಡಗಿದೆ ಎನ್ನಬಹುದು.

ಸ್ಯಾಕ್ ಯಾರ ತಪ್ಪು ಎಂಬುದಕ್ಕೆ ಕೇಲಬ್ ವಿಲಿಯಮ್ಸ್‌ಗಿಂತ ಒಳ್ಳೆಯ ಪಾಠ ಇಲ್ಲ. 2024ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಶಿಕಾಗೊ ಬೇರ್ಸ್ ಸೇರಿದ ಆತ ಮೊದಲ ಋತುವಿನಲ್ಲಿ 68 ಬಾರಿ ಸ್ಯಾಕ್ ಆದ; ತಂಡ 5-12ರಲ್ಲಿ (5 ಗೆಲುವು, 12 ಸೋಲು) ಮುಗಿಸಿತು, ಋತುವಿನ ನಡುವೆಯೇ ಮುಖ್ಯ ಕೋಚ್ ಕೆಲಸ ಕಳೆದುಕೊಂಡರು. ಮರುವರ್ಷ ಡೆಟ್ರಾಯಿಟ್‌ನಿಂದ ಬೆನ್ ಜಾನ್ಸನ್ ಕೋಚ್ ಆಗಿ ಬಂದರು, ಲೈನ್‌ನ ನಡುವಿನ ಮೂರೂ ಜಾಗಗಳಿಗೆ ಹೊಸಬರು ಬಂದರು, ಸ್ಯಾಕ್‌ಗಳು 24ಕ್ಕೆ ಇಳಿದವು, ತಂಡ 11-6ಕ್ಕೆ ಏರಿ ತನ್ನ ವಿಭಾಗವನ್ನೇ ಗೆದ್ದಿತು. ಅದೇ ಹುಡುಗ, ಅದೇ ತೋಳು. ಹಾಗೆಂದು ಎಲ್ಲವನ್ನೂ ಲೈನ್‌ನ ತಲೆಗೆ ಕಟ್ಟುವುದೂ ಸರಿಯಲ್ಲ. ಮೊದಲ ವರ್ಷ ಆತ ಚೆಂಡನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಿದ್ದ. ಎರಡನೆಯ ವರ್ಷ, ದಾರಿ ಕಾಣದಾಗ ಚೆಂಡನ್ನು ಗೆರೆಯಾಚೆ ಎಸೆದುಬಿಡುವುದನ್ನು ಕಲಿತ. ಹಾಗೆ ಎಸೆದದ್ದೂ ವಿಫಲ ಪಾಸ್ ಎಂದೇ ಲೆಕ್ಕವಾಗುವುದರಿಂದ ಆತನ ಯಶಸ್ಸಿನ ಪ್ರಮಾಣ ಶೇ 58ರ ಆಸುಪಾಸಿಗೆ ಕುಸಿದದ್ದಕ್ಕೆ ಇದೂ ಒಂದು ಕಾರಣ. ಆ ಒಂದೇ ಅಂಕಣ ನೋಡಿದವರಿಗೆ ಆತ ಹಿಂದೆ ಬಿದ್ದಂತೆ ಕಾಣುತ್ತದೆ.

ಈ ಬಗೆಯ ಲೆಕ್ಕಗಳು ಎಷ್ಟು ತಲೆಕೆಳಗಾಗಬಹುದೆಂದು ತಿಳಿಯಲು 2018ರ ಡ್ರಾಫ್ಟ್ ನೋಡಿದರೆ ಸಾಕು. ಅಂದು ಆಯ್ಕೆಯಾದ ಕ್ರಮ ಬೇಕರ್ ಮೇಫೀಲ್ಡ್, ಸ್ಯಾಮ್ ಡಾರ್ನಾಲ್ಡ್, ಜಾಶ್ ಆಲನ್, ಜಾಶ್ ರೋಸನ್, ಲಮಾರ್ ಜ್ಯಾಕ್ಸನ್. ಕೊನೆಯಲ್ಲಿ, 32ನೆಯವನಾಗಿ ಆಯ್ಕೆಯಾದ ಜ್ಯಾಕ್ಸನ್ 2019ರಲ್ಲೂ 2023ರಲ್ಲೂ ಎಂವಿಪಿ, ಅಂದರೆ ಋತುವಿನ ಅತ್ಯಂತ ಮೌಲ್ಯಯುತ ಆಟಗಾರ, ಆದ. ಮೊದಲ ಋತುವಿನಲ್ಲಿ ಶೇ 52.8ರಷ್ಟು ಪಾಸ್‌ಗಳನ್ನಷ್ಟೇ ಮುಟ್ಟಿಸಿದ್ದ ಆಲನ್, ತನ್ನ ಬಫಲೊ ತಂಡಕ್ಕೆ ರಿಸೀವರ್ ಸ್ಟೆಫಾನ್ ಡಿಗ್ಸ್ ಬಂದ 2020ರಲ್ಲಿ ಶೇ 69.2ಕ್ಕೆ ಏರಿದ, 2024ರ ಎಂವಿಪಿ ಪ್ರಶಸ್ತಿಯನ್ನೂ ಪಡೆದ. ನ್ಯೂಯಾರ್ಕ್ ಜೆಟ್ಸ್ ಕೈಬಿಟ್ಟ ಡಾರ್ನಾಲ್ಡ್ ಮತ್ತೆ ಮತ್ತೆ ತಂಡ ಬದಲಿಸಿ, ಕಡೆಗೆ 2026ರ ಫೆಬ್ರವರಿಯಲ್ಲಿ ಸಿಯಾಟಲ್ ಸೀಹಾಕ್ಸ್ ಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಎರಡು ವರ್ಷದೊಳಗೆ ಇವರನ್ನು ಶ್ರೇಣಿಗೆ ಹಚ್ಚಿದ್ದವರಲ್ಲಿ ಸರಿಯಾಗಿ ಊಹಿಸಿದವರು ವಿರಳ.

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೂ ಪ್ರಶ್ನೆ ಕೇಳಿದವರಿಗೆ ಹೆಸರುಗಳು ಬೇಕು, ಕೊಡುತ್ತೇನೆ.

ಮೊದಲ ಸ್ಥಾನಕ್ಕೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಡ್ರೇಕ್ ಮೇ. 2025ರಲ್ಲಿ ಶೇ 72ರಷ್ಟು ಪಾಸ್‌ಗಳನ್ನು ಮುಟ್ಟಿಸಿ ಲೀಗ್‌ಗೇ ಮೊದಲಿಗನಾದ, ಹಿಂದಿನ ವರ್ಷ 4-13ರಲ್ಲಿದ್ದ ತಂಡವನ್ನು 14-3ಕ್ಕೆ ತಂದು ಸೂಪರ್ ಬೌಲ್‌ವರೆಗೂ ಕೊಂಡೊಯ್ದ. ಗಮನಿಸಬೇಕಾದ್ದು, ಆತ ಹತ್ತಿರದ ಸುಲಭ ಪಾಸ್‌ಗಳಿಂದ ಪ್ರಮಾಣವನ್ನು ಹೆಚ್ಚಿಸಿಕೊಂಡವನಲ್ಲ. ದೂರದ ಎಸೆತಗಳನ್ನೂ ಮುಟ್ಟಿಸಿ ಆ ಅಂಕ ಗಳಿಸಿದವನು. ಆತನ ಪಕ್ಕದಲ್ಲೂ ಹೊಸ ಕೋಚ್ ಮೈಕ್ ವ್ರೇಬಲ್ ಇದ್ದರು, ಅದೇ ಡಿಗ್ಸ್ ಇದ್ದ, ಎಂಬುದನ್ನು ಮರೆಯಬಾರದು. ಸೂಪರ್ ಬೌಲ್‌ನಲ್ಲಿ ಸೀಹಾಕ್ಸ್ ಆತನನ್ನು ಆರು ಬಾರಿ ಸ್ಯಾಕ್ ಮಾಡಿ 29-13ರಿಂದ ಗೆದ್ದದ್ದೂ ಲೆಕ್ಕಕ್ಕೆ ಬರಬೇಕು. ಆದರೂ ಹದಿನೇಳು ಪಂದ್ಯಗಳ ಸಾಕ್ಷ್ಯವನ್ನು ಒಂದು ಸಂಜೆ ಅಳಿಸಿಹಾಕುವುದಿಲ್ಲ.

ಎರಡನೆಯ ಸ್ಥಾನ ನನ್ನ ಮಟ್ಟಿಗೆ ವಿಲಿಯಮ್ಸ್‌ನದು. 2026ರ ಜನವರಿಯಲ್ಲಿ, ಶಿಕಾಗೊದ ಕೊರೆಯುವ ಚಳಿಯಲ್ಲಿ, ರ್‍ಯಾಮ್ಸ್ ವಿರುದ್ಧ ಸೋಲು ಇನ್ನು ಕೆಲವೇ ಸೆಕೆಂಡುಗಳ ದೂರದಲ್ಲಿದ್ದಾಗ, ಕೊನೆಯ ಅವಕಾಶದಲ್ಲಿ ಬೆನ್ನಟ್ಟಿ ಬಂದವರಿಂದ ಹಿಂದಕ್ಕೆ ಹಿಂದಕ್ಕೆ ಓಡುತ್ತಲೇ ಆತ ಕೋಲ್ ಕಮೆಟ್‌ಗೆ ಎಸೆದ ಟಚ್‌ಡೌನ್ ಪಾಸನ್ನು ಈ ತಲೆಮಾರಿನಲ್ಲಿ ಬೇರೆಯವರು ಎಸೆಯಲಾರರು. ಅದೇ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಆತನ ಪಾಸ್ ಎದುರಾಳಿಯ ಕೈಗೆ ಸಿಕ್ಕಿ ಬೇರ್ಸ್ ಸೋತಿತು. ಆತನನ್ನು ಮೇ ಕೆಳಗೆ ಇಟ್ಟದ್ದಕ್ಕೆ ಕಾರಣವೂ ಇದೇ: ಅದ್ಭುತ ಎಸೆತಗಳಿವೆ, ಸಾಧಾರಣ ಎಸೆತಗಳಲ್ಲಿ ಗುರಿ ಇನ್ನೂ ತಪ್ಪುತ್ತದೆ.

ಜೇಡನ್ ಡೇನಿಯಲ್ಸ್‌ನನ್ನು ಮೂರನೆಯವನೆನ್ನಲು ಮನಸ್ಸು ಒಪ್ಪುವುದಿಲ್ಲ, ಆದರೆ ಅನಿವಾರ್ಯ. 2024ರಲ್ಲಿ ವಾಷಿಂಗ್ಟನ್ ಕಮಾಂಡರ್ಸ್ ತಂಡವನ್ನು 12-5ಕ್ಕೆ ಏರಿಸಿ, ಓಟದಲ್ಲೇ 891 ಯಾರ್ಡ್ ಗಳಿಸಿ, ಮೊದಲ ವರ್ಷದ ಕ್ವಾರ್ಟರ್‌ಬ್ಯಾಕ್‌ಗಳ ದಾಖಲೆಯನ್ನು ಆತ ಮುರಿದ. ಆ ದಾಖಲೆ ಇದ್ದದ್ದು 2012ರಲ್ಲಿ ಅದೇ ವಾಷಿಂಗ್ಟನ್ ಪರ 815 ಯಾರ್ಡ್ ಓಡಿದ್ದ ರಾಬರ್ಟ್ ಗ್ರಿಫಿನ್ ಹೆಸರಲ್ಲಿ. ಗ್ರಿಫಿನ್‌ನ ಮಂಡಿ ಸೀಹಾಕ್ಸ್ ವಿರುದ್ಧದ ಪಂದ್ಯದಲ್ಲಿ ಹೋಯಿತು, ಆ ಬಳಿಕ ಆತ ಮೊದಲಿನಂತಾಗಲಿಲ್ಲ. 2025ರಲ್ಲಿ ಡೇನಿಯಲ್ಸ್‌ನ ಮೊಣಕೈ ಸ್ಥಾನ ತಪ್ಪಿದ್ದೂ ಸೀಹಾಕ್ಸ್ ವಿರುದ್ಧವೇ. ಇದು ಕಾಕತಾಳೀಯ, ಆದರೆ ಓಡುವ ಕ್ವಾರ್ಟರ್‌ಬ್ಯಾಕ್‌ಗೆ ಬೀಳುವ ಹೊಡೆತಗಳ ಲೆಕ್ಕ ಕಾಕತಾಳೀಯವಲ್ಲ. ಆರೋಗ್ಯವಾಗಿದ್ದರೆ ಆತ ಮೇಗೆ ಸರಿಸಮ.

ಡೆನ್ವರ್ ಬ್ರಾಂಕೋಸ್‌ನ ಬೋ ನಿಕ್ಸ್ ನಾಲ್ಕನೆಯವನು. ಕಾಲೇಜಿನಲ್ಲಿ 61 ಪಂದ್ಯಗಳನ್ನು ಆರಂಭಿಕನಾಗಿ ಆಡಿ, 24ರ ವಯಸ್ಸಿನಲ್ಲಿ ಬಂದ ಆತ ಬೇಗ ಪಳಗಿದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹೆಸರುವಾಸಿ ಕೋಚ್ ಶಾನ್ ಪೇಟನ್ ಮತ್ತು ಬಲಿಷ್ಠ ಡಿಫೆನ್ಸ್ ಆತನ ಬೆನ್ನಿಗಿದ್ದವು. ವಯಸ್ಸಿನ ಈ ವ್ಯತ್ಯಾಸವನ್ನು ಪಟ್ಟಿಗಳು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ: ಮೇ ಆತನಿಗಿಂತ ಎರಡೂವರೆ ವರ್ಷ ಚಿಕ್ಕವನು.

ಐದನೆಯ ಸ್ಥಾನದ ಸಿ.ಜೆ. ಸ್ಟ್ರೌಡ್ ಈ ಪ್ರಶ್ನೆಗೆ ಮೂಲವೇ ಇರಬೇಕು. 2023ರಲ್ಲಿ ಹ್ಯೂಸ್ಟನ್ ಪರ 23 ಟಚ್‌ಡೌನ್‌ಗಳಿಗೆ ಎದುರಾಗಿ ಬರೀ 5 ಇಂಟರ್‌ಸೆಪ್ಷನ್ ಕೊಟ್ಟಿದ್ದ ಆತನನ್ನು ಎಲ್ಲರೂ ತಲೆಯ ಮೇಲೆ ಕೂರಿಸಿಕೊಂಡರು. ಲೈನ್ ಕುಸಿದು 52 ಸ್ಯಾಕ್ ಆದ ಮರುವರ್ಷ ಇಂಟರ್‌ಸೆಪ್ಷನ್‌ಗಳು 12ಕ್ಕೆ ಏರಿದವು, 2025ರ ಋತುವಿನ ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಸುತ್ತಿನಲ್ಲಿ) ಪೇಟ್ರಿಯಟ್ಸ್ ವಿರುದ್ಧ ಮೊದಲಾರ್ಧದಲ್ಲೇ ನಾಲ್ಕು ಪಾಸ್ ಎದುರಾಳಿಗಳ ಪಾಲಾದವು. ಅದೇ ಡ್ರಾಫ್ಟ್‌ನಲ್ಲಿ ಆತನಿಗಿಂತ ಮೊದಲು ಆಯ್ಕೆಯಾಗಿ, ಮೊದಲ ವರ್ಷ 62 ಸ್ಯಾಕ್ ತಿಂದು, ಎರಡನೆಯ ವರ್ಷ ಬೆಂಚಿಗೆ ಹೋಗಿ ಬಂದ ಕ್ಯಾರೊಲಿನಾದ ಬ್ರೈಸ್ ಯಂಗ್ 2025ರಲ್ಲಿ ತಂಡವನ್ನು ಪ್ಲೇಆಫ್‌ಗೆ ತಲುಪಿಸಿದ; ಆರನೆಯ ಸ್ಥಾನ ಆತನದು. ಇಬ್ಬರ ನಡುವಿನ ಅಂತರ ಎರಡು ವರ್ಷದ ಹಿಂದೆ ಆನೆಯಷ್ಟಿತ್ತು, ಈಗ ಅಷ್ಟೇನೂ ಇಲ್ಲ.

ಜೆ.ಜೆ. ಮೆಕಾರ್ಥಿ ಗಾಯದಿಂದ ಮೊದಲ ಋತುವನ್ನು ಪೂರ್ತಿ ಕಳೆದುಕೊಂಡ, ಮೈಕಲ್ ಪೆನಿಕ್ಸ್‌ನ 2025ರ ಋತು ಮಂಡಿ ಗಾಯದಿಂದ ಅರ್ಧಕ್ಕೇ ನಿಂತಿತು, ಆಂಥನಿ ರಿಚರ್ಡ್‌ಸನ್ ಕಾಲೇಜಿನಲ್ಲೇ ಆರಂಭಿಕನಾಗಿ ಆಡಿದ್ದು 13 ಪಂದ್ಯ. ಈ ಮೂವರಿಗೆ ಸ್ಥಾನ ಕೊಡಲು ಬೇಕಾದಷ್ಟು ಆಟ ಇನ್ನೂ ನಮ್ಮ ಮುಂದಿಲ್ಲ, ಆದ್ದರಿಂದ ಪಟ್ಟಿಯನ್ನು ಆರಕ್ಕೇ ನಿಲ್ಲಿಸಿದ್ದೇನೆ.