ಸೊಸೆ, ಮಗಳು, ಸೀರೆ ಬಣ್ಣ: ಚುನಾವಣಾ ವರದಿಗೂ ಪಾಠ ಬೇಕಾಗಿದ್ದು ಹೀಗೆ

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಆರು ಮಹಿಳೆಯರಿಗೆ ಟಿಕೆಟ್ ಕೊಟ್ಟಿತು, ಬಿಜೆಪಿ ಇಬ್ಬರಿಗೆ. ಪಟ್ಟಿ ಬಂದ ದಿನದ ಸುದ್ದಿಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಇವರು ಸಚಿವರ ಮಗಳು, ಇವರು ಸಚಿವರ ಪತ್ನಿ, ಇವರು ನಟನ ಹೆಂಡತಿ. ಸುಳ್ಳೇನಲ್ಲ. ಮನೆತನದಿಂದ ಟಿಕೆಟ್ ಸಿಕ್ಕರೆ ಅದೂ ಸುದ್ದಿಯೇ. ಆದರೆ ಅಪ್ಪನ ಹೆಸರಿನಿಂದಲೇ ಬಂದ ಗಂಡಸರಿಗೆ ನಾವು 'ಯುವ ನಾಯಕ' ಅಂತ ಬರೆಯುತ್ತೇವೆ. ಅಂಜಲಿ ನಿಂಬಾಳ್ಕರ್ ಡಾಕ್ಟರು, ಖಾನಾಪುರದ ಶಾಸಕಿಯಾಗಿದ್ದವರು. ಪ್ರಭಾ ಮಲ್ಲಿಕಾರ್ಜುನ್ ದಂತವೈದ್ಯೆ. ಇದು ಎಷ್ಟು ಓದುಗರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಯಿತು?

ಚುನಾವಣೆ ಬಂದಾಗಲೆಲ್ಲ ಪತ್ರಕರ್ತರಿಗೆ ಈಗ 'ಲಿಂಗ ಸೂಕ್ಷ್ಮತೆ' ಅನ್ನೋ ಭಾರದ ಹೆಸರಿನ ಕಾರ್ಯಾಗಾರ ಇಡುತ್ತಾರೆ, ಅಂದ್ರೆ ಹೆಂಗಸರ ಬಗ್ಗೆ ಭೇದವಿಲ್ಲದೆ ಬರೆಯೋದು ಹೇಗೆ ಅನ್ನೋ ಪಾಠ. ಇದೆಲ್ಲ ಯಾಕೆ, ಸುಮ್ನೆ ಟೈಮ್ ವೇಸ್ಟ್ ಅಂತ ಮೂಗು ಮುರಿಯುವವರು ಇದ್ದಾರೆ. ಇದು ಶುರುವಾಗಿದ್ದು ಎಲ್ಲಿಂದ ಅಂತ ಹಿಂದೆ ಹೋಗಿ ನೋಡೋಣ.

ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಉತ್ತರ ಭಾರತದ ಕಡೆ ಜಾಸ್ತಿ, ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದರು. ಆಗಿನ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಬಿದ್ದರು. ಸ್ವಂತ ಹೆಸರಿಲ್ಲದಿದ್ದರೆ ಮತವಿಲ್ಲ ಅಂತ ಆಯೋಗ ಆಗಲೇ ಹೇಳಿತ್ತು. ಸುದ್ದಿಮನೆಗೆ ಆ ಮಾತು ಇನ್ನೂ ಪೂರ್ತಿ ಕೇಳಿಸಿದಂತಿಲ್ಲ.

ಆಮೇಲಿನ ದಶಕಗಳನ್ನು ಬೇಗ ದಾಟಿಬಿಡಬಹುದು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಒಂಟಿ ಸಿಂಹಿಣಿ, ಎದುರಿಗಿದ್ದವರೆಲ್ಲ ಮುಸುವಗಳು ಅನ್ನೋ ಹಿಂದಿ ಘೋಷಣೆ ಕಾಫಿ ತೋಟದ ತನಕ ಬಂತು. 1999ರಲ್ಲಿ ಬಳ್ಳಾರಿ. ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್. 'ವಿದೇಶಿ ಸೊಸೆ, ಸ್ವದೇಶಿ ಮಗಳು' ಅನ್ನೋದು ಪ್ರಚಾರದ ಘೋಷಣೆ, ನಾವು ಅದನ್ನೇ ಎತ್ತಿಕೊಂಡು ತಲೆಬರಹ ಮಾಡಿದೆವು. ಕುಂಕುಮ, ಬಳೆ, ಸುಷ್ಮಾ ಅವರ ಕನ್ನಡ ಭಾಷಣ, ಎಲ್ಲ ಬಂತು. ಕಾಲುವೆಯ ಕೊನೆಯ ರೈತರಿಗೆ ನೀರು ಸಿಗುತ್ತಿದೆಯೋ ಇಲ್ಲವೋ ಅನ್ನೋದನ್ನು ಒಳಪುಟದಲ್ಲಿ ಹುಡುಕಬೇಕಿತ್ತು.

ಈ ನಡುವೆ ಹೊರಗಡೆ ಲೆಕ್ಕ ಶುರುವಾಗಿತ್ತು. 1995ರಲ್ಲಿ ಬೀಜಿಂಗ್ ಮಹಿಳಾ ಸಮ್ಮೇಳನ ಮಾಧ್ಯಮವನ್ನೂ ತನ್ನ ಚಿಂತೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಹಲವು ದೇಶಗಳ ಒಂದು ದಿನದ ಸುದ್ದಿಯನ್ನು ಕೂತು ಎಣಿಸಿದರು. ಸುದ್ದಿಯಲ್ಲಿ ಕಾಣಿಸಿದ 100 ಜನರಲ್ಲಿ ಹೆಂಗಸರು 17. ಐದು ವರ್ಷಕ್ಕೊಮ್ಮೆ ಎಣಿಸುತ್ತಾ ಬಂದು 2020ಕ್ಕೆ ಅದು 25 ಆಯಿತು. ಕಾಲು ಶತಮಾನಕ್ಕೆ ಎಂಟು! ನಮ್ಮಲ್ಲಿ 2002ರಲ್ಲಿ ಪತ್ರಕರ್ತೆಯರೇ ಸೇರಿ 'ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ' ಕಟ್ಟಿಕೊಂಡರು. ಈ ಎಣಿಕೆ, ಕೈಪಿಡಿ, ಕಾರ್ಯಾಗಾರಗಳೆಲ್ಲ ಸುಮಾರಾಗಿ ಆ ಕಾಲದ ಬೆಳೆ.

ಕರ್ನಾಟಕದ ವಿಚಿತ್ರ ಅಂದ್ರೆ ಇಲ್ಲಿ ಸುದ್ದಿಗಿಂತ ರಾಜಕೀಯ ಮುಂದಿತ್ತು. ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲು ಇತ್ತು. ಆಮೇಲೆ ಮೂರನೇ ಒಂದು, ಈಗ ಅರ್ಧ. ನಾನು ವರದಿಗಾರನಾಗಿ ಸುತ್ತಿದ್ದು ಹೆಚ್ಚಾಗಿ ಈ ಪಂಚಾಯಿತಿಗಳಲ್ಲೇ. ಅಧ್ಯಕ್ಷರು ಬೇಕು ಅಂತ ಫೋನ್ ಮಾಡಿದರೆ ಗಂಡ ಎತ್ತುತ್ತಿದ್ದ. 'ಹೇಳಿ ಸಾರ್, ನಾನೇ ನೋಡ್ಕೊಳ್ಳೋದು.' ನಾವೂ ಅವನ ಮಾತನ್ನೇ ಬರೆದುಕೊಂಡು, ಕೆಳಗೆ ಅಧ್ಯಕ್ಷೆ ತಿಳಿಸಿದ್ದಾರೆ ಅಂತ ಹಾಕುತ್ತಿದ್ದೆವು. ಹೌದು, ನಾನೂ ಹಾಕಿದ್ದೇನೆ. ಡೆಡ್‌ಲೈನ್ ಇತ್ತು ಅನ್ನೋದು ಆಗ ಸಾಕಾಗುವಷ್ಟು ಕಾರಣವಾಗಿತ್ತು.

ಕೆಲವು ವರ್ಷದ ಹಿಂದೆ ಒಂದು ಕಾರ್ಯಾಗಾರಕ್ಕೆ ನನ್ನನ್ನೂ ಕಳಿಸಿದರು. ಉಪ್ಪಿಟ್ಟು, ಕಾಫಿ, ಒಂದು ಪ್ಯಾಡು, ಒಂದು ಪೆನ್ನು. ಪಾಠ ಹೇಳಲು ಬಂದಿದ್ದ ಮೇಡಂ ಭಾಷಣ ಮಾಡಲಿಲ್ಲ. ನಮ್ಮ ನಮ್ಮ ಪೇಪರಿನ ಜಿಲ್ಲಾ ಪುಟವನ್ನೇ ಕೈಗೆ ಕೊಟ್ಟು, ಹೆಂಗಸರು ಮಾತಾಡಿದ ಕಡೆಯೆಲ್ಲ ಕೆಂಪು ಗೆರೆ ಎಳೆಯಿರಿ ಅಂದರು. ಮತದಾನದ ಮರುದಿನದ ಪುಟ ಅದು. ನನ್ನ ಪುಟದಲ್ಲಿ ಎರಡೇ ಗೆರೆ. ಒಂದು, ಶತಾಯುಷಿ ಅಜ್ಜಿ. ಇನ್ನೊಂದು, ಧಾರೆ ಮುಗಿಸಿ ಬಾಸಿಂಗದಲ್ಲೇ ಬಂದು ಓಟು ಹಾಕಿದ ಮದುಮಗಳು. ಜೊತೆಗೆ ಮಹಿಳಾ ಸಿಬ್ಬಂದಿಯೇ ನಡೆಸುವ ಪಿಂಕ್ ಮತಗಟ್ಟೆಯ ಬಲೂನಿನ ಫೋಟೊ. ಆಮೇಲೆ ಅಭ್ಯರ್ಥಿಯ ಹೆಸರು ತೆಗೆದು ಗಂಡಸಿನ ಹೆಸರು ಹಾಕಿ ಓದಿ ಅಂದರು. 'ತಿಳಿ ನೀಲಿ ಪಂಚೆಯಲ್ಲಿ ಮಿಂಚಿದ ಶಾಸಕರು ಮನೆಕೆಲಸ ಮುಗಿಸಿ ಪ್ರಚಾರಕ್ಕೆ ಹೊರಟರು.' ಇಡೀ ಹಾಲು ನಕ್ಕಿತು. ಆ ವರದಿ ಬರೆದವನು ನನ್ನ ಪಕ್ಕದಲ್ಲೇ ಕೂತಿದ್ದ, ಪಾಪ.

ಅವತ್ತು ಕಲಿತದ್ದರಲ್ಲಿ ಒಂದು ಮಾತು 2024ರಲ್ಲಿ ಪದೇ ಪದೇ ನೆನಪಾಯಿತು. ಯಾರೋ ಹೆಂಗಸರ ಬಗ್ಗೆ ಹಗುರವಾಗಿ ಮಾತಾಡಿದರೆ ಆ ಮಾತನ್ನೇ ತಲೆಬರಹ ಮಾಡಬೇಡಿ, ಅದಕ್ಕೆ ಬಂದ ಉತ್ತರದಿಂದ ಶುರು ಮಾಡಿ. ದಾವಣಗೆರೆಯಲ್ಲಿ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಮಹಿಳೆಯರೇ. ಅಷ್ಟರಲ್ಲಿ ಹಿರಿಯರೊಬ್ಬರು ಎದುರಾಳಿ ಅಡುಗೆ ಮಾಡಲು ಮಾತ್ರ ಲಾಯಕ್ಕು ಅನ್ನೋ ಅರ್ಥದಲ್ಲಿ ಮಾತಾಡಿದರು. ಟಿವಿಗಳಲ್ಲಿ ದಿನವಿಡೀ ಅದೇ. ಖಂಡಿಸುವ ನೆಪದಲ್ಲಿ ಅದೇ ಮಾತನ್ನು ಹತ್ತಾರು ಸಲ ಓಡಿಸಿದ್ದಾಯಿತು. ಹಾಸನದ್ದಂತೂ ಇನ್ನೂ ಭಾರ. ಮತದಾನದ ಹೊತ್ತಿಗೆ ಹೆಂಗಸರ ವಿಡಿಯೊಗಳಿದ್ದ ಪೆನ್‌ಡ್ರೈವ್ ಊರೆಲ್ಲ ಹರಡಿದವು. ಇಂಥ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಕಾಣಬಾರದು ಅಂತ ಕಾನೂನೇ ಇದೆ. ಪ್ಯಾನೆಲ್‌ಗಳಲ್ಲಿ ಕೇಳಿದ ಪ್ರಶ್ನೆ ಮಾತ್ರ ಇದರಿಂದ ಯಾವ ಪಕ್ಷಕ್ಕೆ ಎಷ್ಟು ಓಟು ಲಾಸ್ ಅಂತ.

ಹಾಗಂತ ಮತದಾರರಾಗಿ ಹೆಂಗಸರು ಹಿಂದೆ ಬಿದ್ದಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದ ಮಟ್ಟದಲ್ಲಿ ಅವರ ಮತದಾನ ಶೇ 67.18, ಗಂಡಸರದ್ದು 67.01. ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಮೈಕುಗಳು ಅವರ ಹತ್ತಿರವೂ ಹೋಗುತ್ತಿವೆ. ಪ್ರಶ್ನೆ ಒಂದೇ: 'ಎರಡು ಸಾವಿರ ಬಂತಾ ಅಮ್ಮ?' ನೀರಾವರಿ, ಜಾತಿ ಲೆಕ್ಕಾಚಾರ, ಯಾರು ಗೆಲ್ಲಬಹುದು ಅನ್ನೋದನ್ನು ಪಕ್ಕದಲ್ಲಿ ನಿಂತ ಗಂಡಸನ್ನು ಕೇಳುತ್ತೇವೆ. ಇತ್ತ 2023ರಲ್ಲಿ 224 ಸ್ಥಾನದ ವಿಧಾನಸಭೆಗೆ ಗೆದ್ದ ಮಹಿಳೆಯರು 10. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಸ್ಥಾನ ಕೊಡುವ ಮಹಿಳಾ ಮೀಸಲು ಮಸೂದೆ ಮೊದಲು ಮಂಡನೆಯಾಗಿದ್ದು 1996ರಲ್ಲಿ, ದೇವೇಗೌಡರು ಪ್ರಧಾನಿಯಾಗಿದ್ದಾಗ. ಪಾಸಾಗಿದ್ದು 2023ರಲ್ಲಿ, ಅದೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅನ್ನೋ ಷರತ್ತಿನ ಜೊತೆ. ಈಗಿನ ಲೆಕ್ಕದಲ್ಲೇ ನೋಡಿದರೂ ಇಲ್ಲಿ 75ರ ಆಸುಪಾಸು ಕ್ಷೇತ್ರ ಮಹಿಳೆಯರಿಗೆ ಹೋಗುತ್ತವೆ. ಅಷ್ಟೂ ಜನರನ್ನು ಸೊಸೆ, ಮಗಳು ಅಂತಲೇ ಬರೆಯುತ್ತೇವಾ?

ತರಬೇತಿ ಸಾಲದು ಅಂತ ನನಗನ್ನಿಸುವುದಿಲ್ಲ, ಅದು ಹೋಗುತ್ತಿರುವ ವಿಳಾಸ ಸರಿಯಿಲ್ಲ. ಕಾರ್ಯಾಗಾರಕ್ಕೆ ಬರೋರು ಹೊಸಬರು, ಅದರಲ್ಲೂ ಹುಡುಗಿಯರು. ತಲೆಬರಹ ಕೊಡೋರು, ಫೋಟೊ ಆರಿಸೋರು, ಪ್ಯಾನೆಲ್‌ಗೆ ಯಾರನ್ನು ಕರೀಬೇಕು ಅಂತ ತೀರ್ಮಾನ ಮಾಡೋರು ಬರಲ್ಲ, ಅವರಿಗೆ ಪುಟ ಮುಗಿಸೋ ಕೆಲಸ ಇರುತ್ತೆ. ಆ ಕಾರ್ಯಾಗಾರಕ್ಕೆ ಬಂದಿದ್ದ ಹುಡುಗಿಯೊಬ್ಬಳು ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿಯ ಅಫಿಡವಿಟ್ ಪೂರ್ತಿ ಓದಿ, ಓದು, ಆಸ್ತಿ, ಹಿಂದೆ ಮಾಡಿದ ಕೆಲಸ ಎಲ್ಲ ಸೇರಿಸಿ ಒಳ್ಳೆ ಪರಿಚಯ ಬರೆದಿದ್ದಳು. ಬೆಳಿಗ್ಗೆ ಪೇಪರು ತೆಗೆದರೆ ಮೇಲೆ ದಪ್ಪಕ್ಷರದಲ್ಲಿ 'ದೊಡ್ಡಮನೆ ಸೊಸೆ ಅಖಾಡಕ್ಕೆ'. ಪುಟ ಕಟ್ಟುವ ಡೆಸ್ಕಿಗೆ ಫೋನ್ ಮಾಡಿ ಕೇಳಿದಳಂತೆ. ಜಾಗ ಅಷ್ಟೇ ಇತ್ತಮ್ಮ ಅಂದರಂತೆ. ಮುಂದಿನ ಕಾರ್ಯಾಗಾರವನ್ನು ಬೆಳಿಗ್ಗೆ ಹತ್ತಕ್ಕೆ ಹೋಟೆಲ್ ಹಾಲಿನಲ್ಲಿ ಇಡುವ ಬದಲು ರಾತ್ರಿ ಒಂಬತ್ತಕ್ಕೆ ಡೆಸ್ಕಿನಲ್ಲೇ ಇಟ್ಟು ನೋಡಬಹುದು. ಉಪ್ಪಿಟ್ಟು ಇಲ್ಲದಿದ್ದರೂ ನಡೆಯುತ್ತೆ.