ತಪ್ಪೊಪ್ಪಿಗೆ: ಒಪ್ಪಿದ್ದೋ, ಒಪ್ಪಿಸಿದ್ದೋ?

ಆರೋಪಿ ಸಿಕ್ಕಿಬಿದ್ದ ಮರುದಿನವೇ ‘ತಪ್ಪೊಪ್ಪಿಕೊಂಡ ಹಂತಕ’ ಎಂಬ ತಲೆಬರಹ ಬರುತ್ತದೆ. ಠಾಣೆಯ ಕೋಣೆಯಲ್ಲಿ ನಡೆದದ್ದನ್ನು ಬರೆದವರು ಕಂಡಿರುವುದಿಲ್ಲ. ಪೊಲೀಸರು ಹೇಳಿದ್ದು ಆರೋಪಿಯ ಮಾತಾಗಿ ಅಚ್ಚಾಗುತ್ತದೆ. ಇದು ಇನ್ನಾದರೂ ನಿಲ್ಲಬೇಕು.

ಹಳಗನ್ನಡದಲ್ಲಿ ‘ಒಪ್ಪು’ ಎಂದರೆ ಚೆಲುವು, ತಕ್ಕುದಾಗಿರುವುದು. ‘ಈ ಸೀರೆ ನಿನಗೆ ಒಪ್ಪುತ್ತದೆ’ ಎನ್ನುವಾಗ ಆ ಅರ್ಥ ಇಂದಿಗೂ ಜೀವಂತ. ಮನಸ್ಸಿಗೆ ಹೊಂದಿದ್ದಕ್ಕೆ ಹೂಂ ಎನ್ನುವುದು ಒಪ್ಪಿಗೆ. ಅದಕ್ಕೆ ‘ಕೊಳ್ಳು’ ಸೇರಿ ‘ಒಪ್ಪಿಕೊಳ್ಳು’ ಆದಾಗ, ಆ ಕೆಲಸ ತನ್ನಿಂದಲೇ ಆಯಿತೆಂದು ಕ್ರಿಯಾಪದವೇ ಸಾರುತ್ತದೆ. ‘ಇಸು’ ಸೇರಿಸಿ ನೋಡಿ, ಎಲ್ಲವೂ ತಿರುಗುಮುರುಗು. ಮನೆಯವರನ್ನು ಮದುವೆಗೆ ಒಪ್ಪಿಸುತ್ತೇವೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ, ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ. ಬಲವಂತದ ತಪ್ಪೊಪ್ಪಿಗೆಯಲ್ಲಿ ಈ ಮೂರೂ ಇವೆ: ಒಬ್ಬನನ್ನು ಹಿಡಿದು ಠಾಣೆಗೆ ಒಪ್ಪಿಸುತ್ತಾರೆ, ಹೊಡೆದೋ ಹೆದರಿಸಿಯೋ ಒಪ್ಪಿಸುತ್ತಾರೆ, ಕೊನೆಗೆ ಹೇಳಿಕೊಟ್ಟದ್ದನ್ನು ಅವನಿಂದ ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತಾರೆ. ಇದನ್ನು ‘ಒಪ್ಪಿಕೊಂಡ’ ಎಂದು ಬರೆಯುವುದು ಸುಳ್ಳು ಬರೆದಂತೆಯೇ. ‘ಬಾಯಿಬಿಟ್ಟ’ ಎಂಬುದೂ ಅಷ್ಟೇ. ಬಿಟ್ಟದ್ದೋ ಬಿಡಿಸಿದ್ದೋ ಎಂದು ಕೇಳುವವರಿಲ್ಲ.

1978ರ ಡಿಸೆಂಬರ್‌ನಲ್ಲಿ ಸೋವಿಯತ್ ರಷ್ಯಾದ ಶಾಖ್ತಿ ಪಟ್ಟಣದಲ್ಲಿ 9 ವರ್ಷದ ಬಾಲಕಿಯೊಬ್ಬಳ ಕೊಲೆಯಾಯಿತು. ಹಿಂದೆ ಕೊಲೆ ಮಾಡಿ ಶಿಕ್ಷೆ ಅನುಭವಿಸಿದ್ದ ಅಲೆಕ್ಸಾಂಡರ್ ಕ್ರಾವ್ಚೆಂಕೊನ ಮೇಲೆ ಅನುಮಾನ ಬಿತ್ತು. ಕೊಲೆಯ ಹೊತ್ತಿಗೆ ಅವನು ಮನೆಯಲ್ಲೇ ಇದ್ದನೆಂದು ಹೆಂಡತಿಯೂ ಆಕೆಯ ಗೆಳತಿಯೂ ಹೇಳಿದರು. ಕೊಲೆಯಲ್ಲಿ ನೀನೂ ಪಾಲುಗಾರಳು ಎಂದು ಹೆಂಡತಿಯನ್ನು, ಸುಳ್ಳುಸಾಕ್ಷಿಯ ಮೊಕದ್ದಮೆ ಹೂಡುತ್ತೇವೆ ಎಂದು ಗೆಳತಿಯನ್ನು ಹೆದರಿಸಿದ ಮೇಲೆ ಇಬ್ಬರ ಹೇಳಿಕೆಯೂ ಬದಲಾಯಿತು. ಆ ಹೇಳಿಕೆಗಳನ್ನು ಮುಂದಿಟ್ಟಾಗ ಕ್ರಾವ್ಚೆಂಕೊ ‘ಒಪ್ಪಿದ’. ಅದು ಬಲವಂತದಿಂದ ಹೇಳಿಸಿದ್ದೆಂದು ನ್ಯಾಯಾಲಯದಲ್ಲಿ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಮರಣದಂಡನೆ ಒಮ್ಮೆ ಜೈಲುಶಿಕ್ಷೆಗೆ ಇಳಿದು, ಮತ್ತೆ ಮರಣದಂಡನೆಯೇ ಆಗಿ, 1983ರಲ್ಲಿ ಜಾರಿಯಾಯಿತು.

1990ರಲ್ಲಿ ಸಿಕ್ಕಿಬಿದ್ದ ಸರಣಿ ಹಂತಕ ಆಂದ್ರೇ ಚಿಕಟಿಲೊ ಆ ಕೊಲೆ ತನ್ನದೆಂದ. ಬಾಲಕಿಯ ಕೊಲೆಯಾದಾಗಲೇ ಪೊಲೀಸರು ಅವನನ್ನೂ ವಿಚಾರಿಸಿ ಬಿಟ್ಟಿದ್ದರು. ಕ್ರಾವ್ಚೆಂಕೊನ ಶಿಕ್ಷೆ ರದ್ದಾಯಿತು, ಅವನು ಸತ್ತ ಮೇಲೆ.

ಹೀಗೆ ಒಂದೇ ಕೊಲೆಗೆ ಇಬ್ಬರ ತಪ್ಪೊಪ್ಪಿಗೆ. ಚಿಕಟಿಲೊನನ್ನು ನಂಬಲು ಅವನ ಮಾತಿನಾಚೆಗೂ ಆಧಾರವಿತ್ತು. ತನಿಖೆಯವರ ಪಟ್ಟಿಯಲ್ಲಿದ್ದದ್ದು 36 ಕೊಲೆ, ಅವನು ಹೇಳಿದ್ದು 56. ಅವರ ಲೆಕ್ಕದಲ್ಲೇ ಇಲ್ಲದವರ ಶವಗಳಿದ್ದ ಜಾಗವನ್ನೂ ತೋರಿಸಿದ. 1992ರಲ್ಲಿ 52 ಕೊಲೆಗಳಲ್ಲಿ ಅಪರಾಧಿಯೆಂದು ತೀರ್ಪಾಯಿತು.

‘ಇಂಥ ರಾಕ್ಷಸರಿಗೆ ನಾಲ್ಕು ಬಿಗಿದರೆ ತಪ್ಪೇನು?’ ಎನ್ನುವವರು ಈ ಪ್ರಕರಣವನ್ನು ಓದಬೇಕು. ಹಳೆಯ ಕೊಲೆಗಾರ ಕ್ರಾವ್ಚೆಂಕೊನ ಮೇಲೆ ಯಾರಿಗೂ ಕನಿಕರವಿರಲಿಲ್ಲ. ಅವನನ್ನು ಒಪ್ಪಿಸಿದ ದಿನವೇ ಹುಡುಕಾಟ ನಿಂತಿತು. ಅವನು ಜೈಲಿನಲ್ಲಿದ್ದಾಗಲೇ ಚಿಕಟಿಲೊ ಮತ್ತೆ ಕೊಲೆಗಿಳಿದ.

ನಮ್ಮಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿದೆ. ತಪ್ಪೊಪ್ಪಿಗೆಯನ್ನು ಬರೆದುಕೊಳ್ಳುವ ಮ್ಯಾಜಿಸ್ಟ್ರೇಟರೂ ‘ನೀನು ಹೇಳಲೇಬೇಕಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು’ ಎಂದು ಮೊದಲೇ ತಿಳಿಸಬೇಕು.

ಮಂಪರು ಪರೀಕ್ಷೆಯಲ್ಲಿ ಆಡಿದ ಮಾತನ್ನೂ ತಪ್ಪೊಪ್ಪಿಗೆ ಎನ್ನುವವರಿದ್ದಾರೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಇತ್ಯರ್ಥಪಡಿಸಿದೆ: ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಮಾತೇ ಸಾಕ್ಷ್ಯವಾಗದು, ಏಕೆಂದರೆ ಮಂಪರಿನಲ್ಲಿದ್ದವನಿಗೆ ತನ್ನ ಮಾತಿನ ಮೇಲೆ ಹಿಡಿತವಿರುವುದಿಲ್ಲ.