ಮಣ್ಣನ್ನು ಯಾವ ಪಟ್ಟಿಗೆ ಸೇರಿಸೋಣ?

ಪರಿಸರ ವ್ಯವಸ್ಥೆ ಅಂದ ಕೂಡಲೇ ಪಠ್ಯಪುಸ್ತಕದ ಆ ಎರಡು ಪಟ್ಟಿ ನೆನಪಾಗುತ್ತವೆ, ಅಲ್ವಾ? ಎಡಗಡೆ ಜೈವಿಕ ಘಟಕಗಳು: ಗಿಡ, ಪ್ರಾಣಿ, ಬ್ಯಾಕ್ಟೀರಿಯಾ. ಬಲಗಡೆ ಅಜೈವಿಕ ಘಟಕಗಳು: ಗಾಳಿ, ನೀರು, ಬೆಳಕು, ಮಣ್ಣು. ನಡುವೆ ಒಂದು ಗೆರೆ. ಪರೀಕ್ಷೆಯಲ್ಲಿ ಹಾಗೇ ಬರೆದರೆ ಪೂರ್ತಿ ಅಂಕ. ನನಗೆ ಮಾತ್ರ ಬಲಗಡೆಯ ಕೊನೇ ಪದ ಕಂಡರೆ ರೇಗುತ್ತದೆ.

ಸುಮ್ನೆ ಒಂದು ಪ್ರಯೋಗ ಮಾಡಿ ನೋಡಿ. ಮರದ ಬುಡದಲ್ಲಿ, ಎಲೆ ಕೊಳೆಯುತ್ತಿರುವ ಕಡೆಯಿಂದ ಒಂದು ಸಣ್ಣ ಹೆಂಟೆ ತನ್ನಿ. ಹತ್ತಿರದಲ್ಲೇ ಹುಲ್ಲೂ ಇಲ್ಲದೆ ಬೋಳಾಗಿರುವ ನೆಲದಿಂದ ಇನ್ನೊಂದು. ಎರಡನ್ನೂ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಇಳಿಸಿ. ಬೋಳು ನೆಲದ ಹೆಂಟೆಯಿಂದ ಗುಳ್ಳೆ ಏಳುತ್ತವೆ, ಅಂಚು ಕುಸಿಯುತ್ತದೆ, ನೋಡನೋಡುತ್ತಲೇ ತಳದಲ್ಲಿ ಕೆಸರಾಗುತ್ತದೆ. ಮರದ ಬುಡದ್ದು ಸಾಮಾನ್ಯವಾಗಿ ಅಲ್ಲಾಡದೆ ಕೂತಿರುತ್ತದೆ. ಎರಡರಲ್ಲೂ ಇರುವುದು ಅದೇ ಕಲ್ಲಿನ ಪುಡಿ. ಹಾಗಾದರೆ ಒಂದನ್ನು ಹಿಡಿದಿಟ್ಟಿದ್ದು ಏನು?

ಅಂಟು. ಎಲೆ ಬಿಸಿಲಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರು ಮಣ್ಣಿಗೆ ಬಿಟ್ಟುಕೊಡುತ್ತದೆ. ನಷ್ಟದ ಬಾಬತ್ತು ಅನ್ನಿಸಬಹುದು, ಅಲ್ಲ. ಅದನ್ನು ತಿನ್ನಲು ಬ್ಯಾಕ್ಟೀರಿಯಾ ಮುತ್ತಿಕೊಳ್ಳುತ್ತವೆ, ತಿಂದು ಲೋಳೆ ಬಿಡುತ್ತವೆ. ಆ ಲೋಳೆ ಕಲ್ಲಿನ ಪುಡಿಯನ್ನು ಕಣಕಣವಾಗಿ ಅಂಟಿಸುತ್ತದೆ. ಶಿಲೀಂಧ್ರದ ಎಳೆಗಳು ಆ ಕಣಗಳನ್ನು ದಾರದಂತೆ ಸುತ್ತಿ ಕಟ್ಟುತ್ತವೆ. ಇಟ್ಟಿಗೆಗೆ ಗಾರೆ ಇದ್ದ ಹಾಗೆ ಅನ್ನೋಣವೇ? ಆದರೆ ಗೋಡೆಯಲ್ಲಿ ಸಂದು ಇರಬಾರದು, ಇಲ್ಲಿ ಸಂದಿಯೇ ಮುಖ್ಯ. ಹಾಗಾದರೆ ಸ್ಪಂಜ್ ಅನ್ನೋಣ. ಅದೂ ಸಾಲದು, ಸ್ಪಂಜ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ. ಬಾಡಿಗೆದಾರರೇ ದಿನಾ ಕಟ್ಟಿ, ಕೆಡವಿ, ಮತ್ತೆ ಕಟ್ಟುವ ವಠಾರ ಅಂದರೆ ಸ್ವಲ್ಪ ಹತ್ತಿರ. ಅದರ ದೊಡ್ಡ ಸಂದಿಗಳಲ್ಲಿ ಗಾಳಿ ಆಡುತ್ತದೆ, ಸಣ್ಣ ಸಂದಿಗಳಲ್ಲಿ ನೀರು ಉಳಿಯುತ್ತದೆ. ಮಳೆ ನಿಂತು ಎಷ್ಟೋ ದಿನವಾದರೂ ಮರ ಕುಡಿಯುವುದು ಆ ನೀರನ್ನೇ. ಅಂದರೆ ತಾನು ಕೊಟ್ಟ ಸಕ್ಕರೆಯಿಂದ ಕಟ್ಟಿದ ತೊಟ್ಟಿಯಿಂದ!

ಎರೆಹುಳುವಿನ ವಿಷಯಕ್ಕೆ ಬಂದರೆ ಡಾರ್ವಿನ್‌ನನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ವಿಕಾಸವಾದದ ಡಾರ್ವಿನ್ನೇ. 1842ರಲ್ಲಿ ಅವನು ಮನೆ ಹತ್ತಿರದ ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರು ಹರಡಿಸಿ, 29 ವರ್ಷ ಕಾದ. 1871ರಲ್ಲಿ ಅಗೆಸಿ ನೋಡಿದರೆ ಆ ಬಿಳಿ ಚೂರುಗಳು ಸಾಲಾಗಿ 7 ಅಂಗುಲ ಕೆಳಗೆ ಇದ್ದವು. ಕಲ್ಲು ತಾನಾಗಿ ಇಳಿದಿರಲಿಲ್ಲ. ಹುಳುಗಳು ಕೆಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕಿ ಹಾಕಿ ಅವನ್ನು ಹೂತುಬಿಟ್ಟಿದ್ದವು. ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್‌ಗಿಂತ ಜಾಸ್ತಿ ಮಣ್ಣು ಹುಳುಗಳ ಹೊಟ್ಟೆಯಿಂದ ಹಾದು ಬರುತ್ತದೆ ಎಂದು ಅವನು ಲೆಕ್ಕ ಹಾಕಿದ. ಅವಕ್ಕೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಮಗನಿಂದ ಬಸೂನ್ ಊದಿಸಿದ್ದೂ ಉಂಟು. ಹುಳುಗಳು ಕ್ಯಾರೇ ಅನ್ನಲಿಲ್ಲ. ಅವುಗಳ ಕುಂಡವನ್ನು ಪಿಯಾನೊ ಮೇಲಿಟ್ಟು ಬಾರಿಸಿದಾಗ ಮಾತ್ರ ಅದರ ಕಂಪನಕ್ಕೆ ಬೆದರಿ ಬಿಲ ಸೇರಿದವು.

ಇದೆಲ್ಲ ಇಲ್ಲದ ಕಡೆ ಏನಿರುತ್ತದೆ? ಚಂದ್ರನನ್ನು ನೋಡಿ. ಪತ್ರಿಕೆಯವರು 'ಚಂದ್ರನ ಮಣ್ಣು' ಅಂತ ಬರೆಯುತ್ತಾರೆ, ಅದು ಮಣ್ಣಲ್ಲ. ಉಲ್ಕೆಗಳ ಹೊಡೆತಕ್ಕೆ ನುಗ್ಗಾದ ಬಂಡೆ, ಗಾಜಿನ ಚೂರಿನಂಥ ಧೂಳು. ಸವೆಸಲು ನೀರಿಲ್ಲ, ಅಂಟಿಸಲು ಜೀವವಿಲ್ಲ. ಅಪೊಲೊ ಯಾತ್ರಿಗಳ ಉಡುಪಿಗೆ ಮೆತ್ತಿಕೊಂಡು ಬಟ್ಟೆಯನ್ನೇ ಉಜ್ಜಿ ಹಾಕಿತು.

ಇಂಗ್ಲಿಷಿನಲ್ಲಿ ಪರಿಸರ ವ್ಯವಸ್ಥೆಗೆ ಈಗ ಬಳಸುವ 'ಇಕೋಸಿಸ್ಟಮ್' ಎಂಬ ಪದ ಮೊದಲು ಅಚ್ಚಾಗಿದ್ದು 1935ರಲ್ಲಿ, ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್‌ಲಿಯ ಪ್ರಬಂಧದಲ್ಲಿ. ಜೀವಿಗಳನ್ನು ಅವುಗಳ ಸುತ್ತಲಿನಿಂದ ಬೇರೆ ಮಾಡಲಾಗದು, ಎರಡೂ ಸೇರಿ ಒಂದೇ ವ್ಯವಸ್ಥೆ ಎನ್ನುವುದೇ ಅವನ ವಾದ. ಗೆರೆ ಎಳೆದ ಮೇಷ್ಟ್ರುಗಳು ಇದನ್ನು ಓದಿದ್ದಾರೋ ಇಲ್ಲವೋ! ಅದೇ ವರ್ಷ ಏಪ್ರಿಲ್ 14ರಂದು ಅಮೆರಿಕದ ಬಯಲುಸೀಮೆಯಲ್ಲಿ ಹಾಡಹಗಲೇ ಕತ್ತಲಾಯಿತು. ಅಲ್ಲಿನ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದರು. ಆಮೇಲೆ ಬರ ಬಂತು. ಬರ ಆ ನೆಲಕ್ಕೆ ಹೊಸದಲ್ಲ, ಆದರೆ ಈ ಸಲ ಹಿಡಿದಿಡಲು ಹುಲ್ಲಿನ ಬೇರು ಇರಲಿಲ್ಲ. ಮಣ್ಣು ಪುಡಿಯಾಗಿ ಮೋಡದಂತೆ ಎದ್ದು ಹಾರಿತು.

ನಾನು ಲೋಟದಲ್ಲಿ ಇಟ್ಟ ಹೆಂಟೆ ಮಾರನೇ ದಿನವೂ ಹಾಗೇ ಇತ್ತು, ನೀರು ತಿಳಿಯಾಗಿತ್ತು. ಒಂದು ಮಗ್ಗುಲಲ್ಲಿ ಮಾತ್ರ ಕೂದಲಿನಂಥ ಬೇರಿನ ಎಳೆ ಹೊರಗೆ ಇಣುಕಿತ್ತು, ಅದರ ತುದಿಗೆ ಸಾಸಿವೆಗಿಂತ ಸಣ್ಣ ಎರಡು ಮಣ್ಣಿನ ಹರಳು ಅಂಟಿಕೊಂಡಿದ್ದವು. ಲೋಟ ಅಲ್ಲಾಡಿಸಿದೆ. ಬೀಳಲಿಲ್ಲ.